ಆಫರ್ ಲೆಟರಿನ ಆರನೇ ಪುಟ

2022ರ ಆಗಸ್ಟ್ ಕೊನೇ ವಾರ. ಅರಕಲಗೂಡಿನ ಹತ್ತಿರ ನಮ್ಮ ಹೊಲದಲ್ಲಿ ಆಲೂಗಡ್ಡೆ ಕೀಳ್ತಾ ಇದ್ದರು. ಕೈಗೆ ಮೆತ್ತಿದ್ದ ಮಣ್ಣು ಒರೆಸಿಕೊಂಡು ಮೊಬೈಲ್ ನೋಡಿದೆ. ಬೆಂಗಳೂರಿನ ಒಂದು ಐಟಿ ಕಂಪನಿಯಿಂದ ಆಫರ್ ಲೆಟರ್ ಬಂದಿತ್ತು. ವರ್ಷಕ್ಕೆ 3 ಲಕ್ಷ 60 ಸಾವಿರ. ಏಳು ದಿನದೊಳಗೆ ಒಪ್ಪಿಗೆ ಕಳಿಸಬೇಕು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ತಿಂಗಳಿಗೆ ಮೂವತ್ತು ಸಾವಿರ ಅಂತೆ ಅಂತ ಎಲ್ಲರೂ ಅವ್ವನ ಹತ್ತಿರ ಬಂದು ಖುಷಿಪಟ್ಟರು. ಅಪ್ಪ ಮಾತ್ರ ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಕಾಗದ ಪೂರ್ತಿ ಓದಿದ್ಯಾ?" ಇಲ್ಲ ಅಂದೆ. "ಬಿತ್ತನೆ ಗೆಡ್ಡೆ ತರುವಾಗ ಚೀಲ ನೋಡಿ ದುಡ್ಡು ಕೊಡ್ತೀವಾ? ಕೊಯ್ದು ನೋಡ್ತೀವಲ್ಲ. ಇದನ್ನೂ ಹಂಗೇ ನೋಡವ್ವ."

ಅದು ನಾನು ಚಿಕ್ಕಂದಿನಿಂದ ಕಂಡಿದ್ದೇ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯ ಬಿತ್ತನೆ ಆಲೂಗಡ್ಡೆ ಬರುತ್ತೆ. ಅಪ್ಪ ಚೀಲದ ತಳಕ್ಕೆ ಕೈ ಹಾಕಿ ಎರಡು ಗೆಡ್ಡೆ ತೆಗೀತಾರೆ. ಚಾಕುವಿನಿಂದ ಅಡ್ಡ ಕೊಯ್ದು, ಒಳಗೆ ರೋಗದ ಕಂದು ಬಳೆ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡ್ತಾರೆ. ಆಮೇಲೆ ಹೆಬ್ಬೆರಳಲ್ಲಿ ಒತ್ತುತ್ತಾರೆ. ಅದೆಲ್ಲ ಆದ ಮೇಲೇ ರೇಟಿನ ಮಾತು.

ಮಾರನೇ ದಿನ ಹಾಸನಕ್ಕೆ ಹೋಗಿ ಲೆಟರ್ ಪ್ರಿಂಟ್ ತೆಗೆಸಿದೆ. ಒಂಬತ್ತು ಪುಟ. ಮಹಾರಾಜ ಪಾರ್ಕಿನಲ್ಲಿ ಗೆಳತಿಯ ಜೊತೆ ಕೂತು ಪೆನ್ನು ಹಿಡಿದು ಓದಿದೆ. ಮೊಬೈಲಿನಲ್ಲಿ ಓದಿದರೆ ಕಣ್ಣು ಸಂಬಳದ ಅಂಕಿ ಮೇಲೇ ನಿಲ್ಲುತ್ತೆ. ಪ್ರಿಂಟ್ ತೆಗೆಸಲೇಬೇಕು.

ಮೊದಲು ದುಡ್ಡಿನ ಲೆಕ್ಕ. 3,60,000ದಲ್ಲಿ 30,000 ವೇರಿಯಬಲ್ ಪೇ. ಅಂದರೆ ವರ್ಷದ ಕೊನೆಗೆ ಕಂಪನಿ ನೋಡಿ ಕೊಡುವ ದುಡ್ಡು. ಮೂಲ ವೇತನ ತಿಂಗಳಿಗೆ 15,000. ಅದರ ಶೇಕಡಾ 12, ಅಂದರೆ 1,800 ರೂಪಾಯಿ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ). ವರ್ಷಕ್ಕೆ 21,600. ಅದೂ ಈ 3,60,000ದ ಒಳಗೇ ಸೇರಿತ್ತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು ಅಂತ 8,658. ಆಗಿನ ನಿಯಮದಲ್ಲಿ ಅದು 5 ವರ್ಷ ಕೆಲಸ ಮಾಡಿದವರಿಗೇ ಸಿಗೋದು. ಆರೋಗ್ಯ ವಿಮೆಗೆ 6,000. ಇಷ್ಟನ್ನೂ ಕಳೆದರೆ ತಿಂಗಳಿಗೆ 24,478. ಅದರಲ್ಲಿ ನನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರೋದು 22,478.

ಮೂವತ್ತು ಸಾವಿರ ಅಂದುಕೊಂಡಿದ್ದ ಅವ್ವನಿಗೆ ಇದನ್ನು ಹೇಳೋದು ಕಷ್ಟವಾಯಿತು. ಆದರೆ ಪಿಎಫ್ ಕಳೆದುಹೋಗುವ ದುಡ್ಡಲ್ಲ. ಕೆಲಸ ಬಿಟ್ಟರೂ ಯುಎಎನ್ ಅನ್ನೋ, ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರಿನ ಜೊತೆ ನಮ್ಮ ಹೆಸರಲ್ಲೇ ಇರುತ್ತೆ. ಕಂಪನಿ ಹಾಕುವ 1,800ರಲ್ಲಿ 1,250 ಪಿಂಚಣಿ ಖಾತೆಗೆ, 550 ಪಿಎಫ್‌ಗೆ ಹೋಗುತ್ತೆ ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ಒಂದು ಸಂಬಳದ ಚೀಟಿ ಓದೋದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನಗೆ ಈಗಲೂ ಬೇಜಾರು.

ಆರನೇ ಪುಟಕ್ಕೆ ಬಂದಾಗ ಗೆಳತಿಯೂ ಸುಮ್ಮನಾದಳು. ಅಲ್ಲಿ ಮೂರು ವಿಷಯ ಇತ್ತು. ಮೊದಲ ಮೂರು ತಿಂಗಳು ಟ್ರೈನಿಂಗ್, ಆಗ ಸಂಬಳ ಇಲ್ಲ, 12,000 ಸ್ಟೈಪೆಂಡ್. ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ 1,50,000 ಕಟ್ಟಬೇಕು. ಅಸಲು ಮಾರ್ಕ್ಸ್ ಕಾರ್ಡ್ ಕಂಪನಿಯಲ್ಲಿ ಇಡಬೇಕು. ಬಾಂಡ್ ಸೇರಿದ ದಿನದಿಂದ ಲೆಕ್ಕವೋ, ಟ್ರೈನಿಂಗ್ ಮುಗಿದ ಮೇಲೋ, ಬರೆದೇ ಇರಲಿಲ್ಲ.

ಬಾಂಡ್ ಬಗ್ಗೆ ಎಲ್ಲರೂ ಒಂದೊಂದು ಹೇಳ್ತಾರೆ. "ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡು" ಅನ್ನೋರೇ ಜಾಸ್ತಿ. ಮಾವನಿಗೆ ಪರಿಚಯದ ವಕೀಲರೊಬ್ಬರು ಹಾಸನದ ಕೋರ್ಟಿನಲ್ಲಿದ್ದರು, ಅವರನ್ನು ಕಂಡೆ. ಅವರು ಬಿಡಿಸಿ ಹೇಳಿದರು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬರೆದಿರೋ ಮೊತ್ತವೇ ಪೂರ್ತಿ ಸಿಗುತ್ತೆ ಅಂತಿಲ್ಲ. ಆ ಮೊತ್ತ ಮೀರದ ಹಾಗೆ, ನ್ಯಾಯವಾದಷ್ಟು ಪರಿಹಾರವನ್ನ ಕೋರ್ಟ್ ಕೊಡಿಸಬಹುದು. "ಆದರೆ ತಾಯಿ, ಬಾಂಡಿಗೆ ಬೆಲೆ ಇಲ್ಲ ಅಂದ್ಕೊಂಡು ಸಹಿ ಹಾಕಬೇಡಿ. ಕಟ್ಟೋಕೆ ಆಗುತ್ತೆ ಅನ್ನೋ ಹಾಗಿದ್ದರೆ ಹಾಕಿ" ಅಂದರು. ಅವರ ಮಾತು ಎಷ್ಟು ಸರಿ ಅಂತ ಆಮೇಲೆ ತಿಳಿಯಿತು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಆಗೋ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಷರತ್ತನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇನ್ನು ಕೆಲಸ ಏನು ಅನ್ನೋದು. ಲೆಟರಿನಲ್ಲಿ ಟ್ರೈನಿ ಎಂಜಿನಿಯರ್ ಅಂತ ಇತ್ತು, ಅಷ್ಟೇ. ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಅಲ್ಲೇ ಇದ್ದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿತು. ಅರಸೀಕೆರೆ ಕಡೆಯವರು. ಮೆಸೇಜ್ ಹಾಕಿದೆ, ಭಾನುವಾರ ಅವರೇ ಫೋನ್ ಮಾಡಿದರು. ಕಂಪನಿ ಚೆನ್ನಾಗಿದೆಯಾ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಪರವಾಗಿಲ್ಲ ಅನ್ನೋ ಉತ್ತರವೇ ಬರೋದು. "ಅಕ್ಕಾ, ನಿಮ್ಮ ಜೊತೆ ಸೇರಿದವರಲ್ಲಿ ಈಗ ಎಷ್ಟು ಜನ ಕೋಡ್ ಬರೀತಿದ್ದೀರಿ?" ಅಂದೆ. ಅವರು ಸ್ವಲ್ಪ ಹೊತ್ತು ಎಣಿಸಿದರು. "ಮೂವತ್ತು ಜನದಲ್ಲಿ ಏಳು. ಉಳಿದವರು ಸಪೋರ್ಟ್, ಟೆಸ್ಟಿಂಗ್. ನಾನೂ ಒಂದು ವರ್ಷ ನೈಟ್ ಶಿಫ್ಟಿನಲ್ಲಿ ಟಿಕೆಟ್ ನೋಡಿದೆ ಕಣೇ." ಟಿಕೆಟ್ ಅಂದರೆ ಬಳಸುವವರು ಕಳಿಸುವ ದೂರು. ಸಂಬಳ ತಡ ಆಗಿದ್ದುಂಟಾ ಅಂತಲೂ ಕೇಳಿದೆ. ಒಂದು ಸಲವೂ ಇಲ್ಲ ಅಂದರು. ಆ ಹದಿನೈದು ನಿಮಿಷದ ಮಾತಿನಿಂದ ನನಗೆ ಸಿಕ್ಕಿದ್ದು ಬೇರೆಲ್ಲೂ ಸಿಗಲಿಲ್ಲ.

ಮನೆಯಲ್ಲಿ ನಿಜವಾದ ಭಯ ಇದ್ದಿದ್ದು ಓದಿನ ಸಾಲದ್ದು. ಎರಡೂವರೆ ಲಕ್ಷ. ಬ್ಯಾಂಕಿಗೆ ಹೋಗಿ ಕೇಳಿದೆ. ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ ಕಂತು ಶುರು, ಅಲ್ಲಿವರೆಗೂ ಬಡ್ಡಿ ಬೆಳೀತಾ ಇರುತ್ತೆ ಅಂದರು. ಅಂದರೆ ನಾಳೆ ಬೆಳಿಗ್ಗೆಯೇ ಸಹಿ ಹಾಕಬೇಕು ಅನ್ನೋ ಹಾಗಿರಲಿಲ್ಲ. ಅದು ಗೊತ್ತಾದ ಮೇಲೇ ನಾನು ಕಂಪನಿಗೆ ಧೈರ್ಯವಾಗಿ ಮೇಲ್ ಬರೆದಿದ್ದು.

ನಾಲ್ಕೇ ಸಾಲು ಬರೆದೆ. ಸೇರೋಕೆ ಆಸಕ್ತಿ ಇದೆ. ಅಸಲು ಮಾರ್ಕ್ಸ್ ಕಾರ್ಡ್ ತೋರಿಸ್ತೀನಿ, ನೋಟರಿ ಮಾಡಿಸಿದ ಪ್ರತಿ ಕೊಡ್ತೀನಿ, ಆದರೆ ಅಸಲು ಇಡೋಕೆ ಆಗಲ್ಲ. ಬಾಂಡ್ ಸೇರಿದ ದಿನದಿಂದಲೇ ಲೆಕ್ಕವಾ? ಮಧ್ಯೆ ಬಿಟ್ಟರೆ ಉಳಿದ ತಿಂಗಳಿಗಷ್ಟೇ ಕಟ್ಟಬೇಕಾ, ಪೂರ್ತಿಯಾ?

ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವ ಎಚ್‌ಆರ್ ಫೋನ್ ಮಾಡಿದರು. "ನೋಟರಿ ಪ್ರತಿ ಸಾಕು. ಬಾಂಡ್ ಸೇರಿದ ದಿನದಿಂದ. ಉಳಿದ ತಿಂಗಳಿಗೆ ಮಾತ್ರ ಕಟ್ಟೋದು, ಯೋಚನೆ ಮಾಡಬೇಡಿ" ಅಂದರು. "ಇದನ್ನೇ ಮೇಲ್‌ನಲ್ಲಿ ಹಾಕಿಬಿಡಿ ಮೇಡಂ, ಮನೆಯಲ್ಲಿ ತೋರಿಸಬೇಕು" ಅಂದೆ. ಎರಡು ದಿನ ಬರಲಿಲ್ಲ. ಇನ್ನೊಮ್ಮೆ ನೆನಪಿಸಿದೆ. ಆರನೇ ದಿನ ಸಂಜೆ ಬಂತು. ಸ್ಟೈಪೆಂಡ್ ಮಾತ್ರ ಬದಲಾಗಲಿಲ್ಲ.

ಅಸಲು ಇಡಲೇಬೇಕು ಅಂದಿದ್ದರೆ ಬಿಡ್ತಿದ್ದೆ. ಇವತ್ತು ಯಾರು ಕೇಳಿದರೂ ಇದನ್ನ ಗಟ್ಟಿಯಾಗಿ ಹೇಳ್ತೀನಿ. ಮಾರ್ಕ್ಸ್ ಕಾರ್ಡ್ ಇನ್ನೊಬ್ಬರ ಬೀರುವಿನಲ್ಲಿದ್ದರೆ ಮುಂದಿನ ಕೆಲಸಕ್ಕೂ ಅವರನ್ನೇ ಕೇಳಬೇಕಾಗುತ್ತೆ. ಹಾಗೇ, ಕೆಲಸ ಕೊಡೋಕೆ ಡೆಪಾಸಿಟ್ ಅಂತ ಒಂದು ರೂಪಾಯಿ ಕೇಳಿದರೂ ಆ ಕಡೆ ತಿರುಗಿ ನೋಡಬೇಡಿ.

ಸಪೋರ್ಟ್ ಕೆಲಸವೇ ಸಿಗುತ್ತೆ ಅಂತ ಗೊತ್ತಿದ್ದೂ ಯಾಕೆ ಒಪ್ಪಿದೆ? ನನ್ನ ಕೈಯಲ್ಲಿ ಇನ್ನೊಂದು ಆಫರ್ ಇರಲಿಲ್ಲ. ಸಂಬಳ ಸರಿಯಾಗಿ ಬರುವ ಜಾಗ. ಎರಡು ವರ್ಷದಲ್ಲಿ ಬಿಡಬೇಕಾದರೆ ಎಷ್ಟು ಕಟ್ಟಬೇಕು ಅಂತ ಗೊತ್ತಿತ್ತು, ತಿಂಗಳಿಗೆ 6,250 ಲೆಕ್ಕ. ಪಿಜಿಗೆ ಮುಂಗಡ 7,500, ಬಾಡಿಗೆ 7,500, ಮೊದಲ ದುಡ್ಡು ಬರೋವರೆಗೆ ಕೈಖರ್ಚು ಅಂತ ಎಲ್ಲ ಸೇರಿ 20,000 ಬೇಕಿತ್ತು. ಅಪ್ಪ ಆಲೂಗಡ್ಡೆ ದುಡ್ಡಲ್ಲಿ ಎತ್ತಿಟ್ಟರು.

ಆ ವರ್ಷದ ಕೊನೆಗೆ ಎಷ್ಟೋ ಕಂಪನಿಗಳು ಆಫರ್ ಕೊಟ್ಟವರನ್ನ ತಿಂಗಳುಗಟ್ಟಲೆ ಕಾಯಿಸಿದವು. ನನ್ನನ್ನ ನವೆಂಬರಿನಲ್ಲಿ ಕರೆದರು. ಹಾಸನಾಂಬೆ ದರ್ಶನ ಮುಗಿಸಿಕೊಂಡು ಯಶವಂತಪುರದ ರೈಲು ಹತ್ತಿದೆ.

ಟ್ರೈನಿಂಗ್ ಮುಗಿದ ಮೇಲೆ ಎಂಟು ತಿಂಗಳು ಟಿಕೆಟ್ ನೋಡೋದೇ ಕೆಲಸ. ಮುಂಚೆಯೇ ಗೊತ್ತಿದ್ದರಿಂದ ಎದೆ ಒಡೆಯಲಿಲ್ಲ. ದಿನಾ ಬರುವ ಒಂದೇ ಥರದ ದೂರುಗಳಿಗೆ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಟೀಮ್ ಲೀಡ್‌ಗೆ ತೋರಿಸಿದೆ. ಅಲ್ಲಿಂದ ಆಟೊಮೇಷನ್ ಕಡೆ ಹಾಕಿದರು. ಆ ಅನುಭವದ ಮೇಲೇ ಇನ್ನೊಂದು ಕಡೆ ಕೆಲಸ ಸಿಕ್ಕಿತು. ನೋಟಿಸ್ ಅವಧಿಯೂ ಸೇರಿ ಇಪ್ಪತ್ತು ತಿಂಗಳಿಗೆ ಬಿಟ್ಟೆ.

ಬಿಡುವಾಗ ಲೆಕ್ಕದ ವಿಭಾಗದಿಂದ 1,50,000 ಕಟ್ಟಿ ಅಂತ ಮೇಲ್ ಬಂತು. ಎಚ್‌ಆರ್ ಆಗಲೇ ಬದಲಾಗಿದ್ದರು. ಹೊಸಬರಿಗೆ ಏನೂ ಗೊತ್ತಿರಲಿಲ್ಲ. 2022ರ ಆ ಹಳೇ ಮೇಲನ್ನ ಹಾಗೇ ಅವರಿಗೆ ಕಳಿಸಿದೆ. ಮೂರನೇ ದಿನ ಉತ್ತರ ಬಂತು. ಉಳಿದ ನಾಲ್ಕು ತಿಂಗಳಿಗೆ 25,000. ಕಟ್ಟಿದೆ, ಕೆಲಸದಿಂದ ಬಿಡುಗಡೆ ಮಾಡಿದ ರಿಲೀವಿಂಗ್ ಲೆಟರ್ ತಗೊಂಡೆ. ಆವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಆ ಕಾಗದ ಎತ್ತಿಟ್ಟಿರು" ಅಂದರು. ಅದು ಮಾರ್ಕ್ಸ್ ಕಾರ್ಡ್ ಇಟ್ಟಿರೋ ಫೈಲಿನಲ್ಲೇ ಇದೆ.