ಡಗ್ಗಾ ಎಲ್ಲಿ ಹೋಯ್ತು? ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವುದು ಹೀಗೆ

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೊದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್ ಮತ್ತು ಸ್ಪೀಕರ್ ನಡುವಿನದು) ಸುಟ್ಟಿತ್ತು. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಪುಟ್ಟದೊಂದನ್ನು ಹಾಕಿ, 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿ ಹಚ್ಚಿದೆ. ಗಾಯನ ಸ್ಪಷ್ಟ, ತಬಲಾ ಟಿನ್ ಟಿನ್, ಆದರೆ ಡಗ್ಗಾ (ಜೋಡಿಯಲ್ಲಿ ಎಡಗೈಯ, ತಗ್ಗು ದನಿಯದು) ನಾಪತ್ತೆ! ಧಾರವಾಡದವರಿಗೆ ಇದನ್ನು ಸಹಿಸೋಕೆ ಆಗುತ್ತಾ?

ಈಗ ನಾನು ಮೊದಲೇ ಪರೀಕ್ಷೆ ಮಾಡುತ್ತೇನೆ. ಟ್ರಾನ್ಸ್‌ಫಾರ್ಮರನ್ನು ಸೆಟ್‌ನಿಂದ ಪೂರ್ತಿ ಬಿಚ್ಚಿ ಹೊರಗಿಡಿ, ಒಳಗೆ 250 ವೋಲ್ಟ್ ಇರುತ್ತೆ. ಮೀಟರ್‌ನಲ್ಲಿ ಓಮ್ ನೋಡಿ: ಪ್ರೈಮರಿ (ವಾಲ್ವ್ ಕಡೆಯ ಸುರುಳಿ) ಕೆಲವು ನೂರು, ಸೆಕೆಂಡರಿ (ಸ್ಪೀಕರ್ ಕಡೆಯದು) ಒಂದಕ್ಕಿಂತ ಕಡಿಮೆ. ಸುರುಳಿ ಕಡಿದಿಲ್ಲ ಅಂತಷ್ಟೇ ಇದರರ್ಥ. ಇಂಪೀಡೆನ್ಸ್, ಅಂದರೆ ಎಸಿಗೆ ಸಿಗುವ ತಡೆ, ಬೇರೆ.

ಆಮೇಲೆ 9 ವೋಲ್ಟ್ ಅಡಾಪ್ಟರ್ ಟ್ರಾನ್ಸ್‌ಫಾರ್ಮರ್‌ನ ಎಸಿಯನ್ನು ಪ್ರೈಮರಿಗೆ ಕೊಡಿ (ಡಿಸಿ ಅಲ್ಲ). ಸೆಕೆಂಡರಿಯಲ್ಲಿ 0.36 ವೋಲ್ಟ್ ಬಂದರೆ ಸುತ್ತುಗಳ ಅನುಪಾತ 25. ಅದರ ವರ್ಗ 625. 8 ಓಮ್ ಸ್ಪೀಕರ್ ಹಾಕಿದರೆ ವಾಲ್ವ್‌ಗೆ 625 × 8 = 5000 ಓಮ್ ಕಾಣುತ್ತೆ, ಇಎಲ್84 ಎಂಬ ಔಟ್‌ಪುಟ್ ವಾಲ್ವ್‌ಗೆ ಹೆಚ್ಚುಕಡಿಮೆ ಸರಿ. 4 ಓಮ್ ಹಾಕಿದರೆ 2500. ಟ್ರಾನ್ಸ್‌ಫಾರ್ಮರ್‌ಗೆ ತನ್ನದೇ ಇಂಪೀಡೆನ್ಸ್ ಅಂತ ಇಲ್ಲ, ಸ್ಪೀಕರ್‌ನದ್ದನ್ನೇ ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೇ.

ಇನ್ನು ಡಗ್ಗಾ, ಅಂದರೆ ಕಡಿಮೆ ಹರ್ಟ್ಸ್‌ನ ದನಿ. ಪ್ರೈಮರಿಯ ಇಂಡಕ್ಟನ್ಸ್ (ಎಸಿಯನ್ನು ತಡೆಯುವ ಸುರುಳಿಯ ಗುಣ) 5 ಹೆನ್ರಿ ಅಂದುಕೊಳ್ಳಿ. 1000 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 31,400 ಓಮ್, ಯಾವ ತೊಂದರೆಯೂ ಇಲ್ಲ. 50 ಹರ್ಟ್ಸ್‌ಗೆ ಇಳಿದರೆ ಬರೀ 1570, ಆ 5000ಕ್ಕಿಂತ ಬಹಳ ಕಮ್ಮಿ, ಅಂದರೆ ಕರೆಂಟ್ ಸ್ಪೀಕರ್‌ಗೆ ಹೋಗುವ ಬದಲು ಸುರುಳಿಯಲ್ಲೇ ಸುತ್ತಿ ವಾಪಸ್ ಬರುತ್ತೆ. ಕಬ್ಬಿಣ ಕಮ್ಮಿ ಇದ್ದರೆ ಇಂಡಕ್ಟನ್ಸೂ ಕಮ್ಮಿ.

ಇದನ್ನು ಕಣ್ಣಾರೆ ನೋಡಬಹುದು. ಸೆಕೆಂಡರಿಗೆ 8 ಓಮ್ ರೆಸಿಸ್ಟರ್ ಕಟ್ಟಿ, ಮೊಬೈಲ್‌ನ ಟೋನ್ ಆ್ಯಪ್‌ನಿಂದ ಪುಟ್ಟ ಆಂಪ್ಲಿಫೈಯರ್ ಮೂಲಕ, ನಡುವೆ 4.7 ಕೆ (4700 ಓಮ್) ರೆಸಿಸ್ಟರ್ ಇಟ್ಟು, ಪ್ರೈಮರಿಗೆ ಸಿಗ್ನಲ್ ಕೊಡಿ. 400 ಹರ್ಟ್ಸ್‌ನಲ್ಲಿ ಪ್ರೈಮರಿ ಮೇಲೆ 1 ವೋಲ್ಟ್ ಬರುವಂತೆ ಮಾಡಿ, ಹಾಗೇ ಇಳಿಸುತ್ತಾ ಬನ್ನಿ. 0.7 ಆಗುವ ಜಾಗವೇ ಕೆಳಗಿನ ಗಡಿ. ನನ್ನ ಪುಟ್ಟದು ಬೇಗನೇ ಕೈಬಿಟ್ಟಿತ್ತು! 2 ವೋಲ್ಟ್ ಎಸಿ ರೇಂಜ್ ಇರುವ ಮೀಟರ್ ಬೇಕು, ಅಗ್ಗದ್ದು 400ರ ಮೇಲೆ ಸುಳ್ಳು ಹೇಳುವುದೇ ಜಾಸ್ತಿ.

ಮೇಲಿನ (ಹೆಚ್ಚು ಹರ್ಟ್ಸ್‌ನ) ಗಡಿಯ ಚಿಂತೆ ಮೀಡಿಯಂ ವೇವ್‌ಗೆ ಬೇಡ.

ಇದರ ಬದಲು ಮನೆ ಕರೆಂಟನ್ನು ಇಳಿಸುವ ಮೇನ್ಸ್ ಟ್ರಾನ್ಸ್‌ಫಾರ್ಮರ್ ನಡೆಯುತ್ತಾ ಅಂತ ಕೇಳ್ತೀರಿ ಅಲ್ವಾ? 230ರಿಂದ 9 ವೋಲ್ಟ್‌ನದಕ್ಕೂ ಅನುಪಾತ ಸುಮಾರು 25. ಆದರೆ ಅದರ ಇ (E) ಮತ್ತು ಐ (I) ಆಕಾರದ ಕಬ್ಬಿಣದ ಪಟ್ಟಿಗಳು ಒಂದರೊಳಗೊಂದು ಹೆಣೆದಿರುತ್ತವೆ. ಒಂದೇ ವಾಲ್ವ್‌ನ ಡಿಸಿ ಹರಿದರೆ ಕಬ್ಬಿಣದಲ್ಲಿ ಕಾಂತತೆ ಬೇಗ ತುಂಬಿಕೊಂಡು ದನಿ ಒಡೆಯುತ್ತೆ. ಬಿಚ್ಚಿ, ಇ ಎಲ್ಲ ಒಂದು ಕಡೆ, ಐ ಎಲ್ಲ ಇನ್ನೊಂದು ಕಡೆ, ನಡುವೆ ತೆಳು ಕಾಗದ ಇಟ್ಟು ಕೂಡಿಸಬೇಕು.

ಮತ್ತೆ, ಸ್ಪೀಕರ್ ತಂತಿ ಬಿಚ್ಚಿಟ್ಟು ವಾಲ್ವ್ ಸೆಟ್ ಹಚ್ಚಬೇಡಿ. ಪ್ರೈಮರಿಯಲ್ಲಿ ಸಾವಿರ ವೋಲ್ಟ್ ದಾಟಬಹುದು. ನನ್ನ ಹಳೆಯದು ಸುಟ್ಟಿದ್ದು ಹಾಗೆಯೇ.