ರೆಸಿನ್ ಸತ್ತಿಲ್ಲ ಅಂದೆ, ಯಾರೂ ಕೇಳ್ಲಿಲ್ಲ

ನಮ್ದು ಹೊಸೂರು ಹತ್ರ ಕೆಲಮಂಗಲ. ಬೋರ್ ನೀರು, ಕಿಟ್ ಹಾಕಿ ನೋಡಿದ್ರೆ ಗಡಸುತನ 650 ಪಿಪಿಎಂ ಆಸುಪಾಸು, ಗೀಸರ್ ಕಾಯಿಲ್ ಎರಡು ಸಲ ಬದಲಾಯ್ಸಿದೀನಿ. ಗಡಸು ನೀರು ಮೆದು ಮಾಡೋಕೆ 25 ಲೀಟರ್ ರೆಸಿನ್‌ದು (ಗಡಸು ಹಿಡ್ಕೊಳ್ಳೋ ಸಣ್ಣ ಮಣಿಗಳು) ಆಟೋಮ್ಯಾಟಿಕ್ ಸಾಫ್ಟ್‌ನರ್ ಹಾಕ್ಸಿ 2 ತಿಂಗಳಾಗಿಲ್ಲ, ನಲ್ಲಿ ಮೇಲೆ ಮತ್ತೆ ಬಿಳೀ ಪೊರೆ. ಹಾಕಿದವ್ರು ಬಂದು ರೆಸಿನ್ ಹೋಗಿದೆ ಸಾರ್, 7 ಸಾವಿರ ಆಗುತ್ತೆ ಅಂದ್ರು, ನಮ್ ಭಾವನೂ ಹೂಂ ಅಂದ. ಆದ್ರೆ ಬ್ರೈನ್ ಟ್ಯಾಂಕಲ್ಲಿ, ಅಂದ್ರೆ ಉಪ್ಪುನೀರಿನ ಡಬ್ಬದಲ್ಲಿ, ಉಪ್ಪು ಹಾಕಿದ ಹಾಗೇ ಇತ್ತು. ರೆಸಿನ್ ತೊಳೆಯೋದೇ ಉಪ್ಪುನೀರು, ಆ ಉಪ್ಪೇ ಒಳಗೆ ಹೋಗಿಲ್ಲ ಅಂದ್ಮೇಲೆ ರೆಸಿನ್‌ದೇನು ತಪ್ಪು?

ಒಂದಿನ ರಾತ್ರಿ 2 ಗಂಟೆಗೆ ಟಾರ್ಚ್ ಹಿಡ್ಕೊಂಡು ಟೆರೇಸ್ ಮೇಲೆ ಕೂತೆ. ರೀಜನರೇಶನ್, ಅಂದ್ರೆ ಉಪ್ಪುನೀರಲ್ಲಿ ರೆಸಿನ್ ತೊಳೆಯೋದು, ಶುರುವಾಯ್ತು, ಡ್ರೈನ್ ಪೈಪಲ್ಲಿ ನೀರು ಮಗು ಉಚ್ಚೆ ಹುಯ್ದಂಗೆ ಬರ್ತಿದೆ. ಪ್ರೆಶರ್ ಪಂಪ್ ಆಫ್! ಸದ್ದಿಗೆ ನಿದ್ದೆ ಬರಲ್ಲ ಅಂತ ಅಪ್ಪ ದಿನಾ 10 ಗಂಟೆಗೆ ಸ್ವಿಚ್ ಆರ್ಸಿ ಮಲಗ್ತಾರಂತೆ. 20 ಅಡಿ ಮೇಲಿನ ಟ್ಯಾಂಕಿಂದ ಅರ್ಧ ಬಾರ್ ಚಿಲ್ರೆ, ಅಷ್ಟರಲ್ಲಿ ಉಪ್ಪುನೀರು ಎಳೆಯೋ ಇಂಜೆಕ್ಟರ್ ಏನು ಎಳೆಯುತ್ತೆ ಮಣ್ಣು.

ಟೈಮ್ ಬೆಳಗ್ಗೆ 11ಕ್ಕೆ ಮಾಡ್ದೆ, ಆಗ ಮನೇಲಿ ಯಾರೂ ನೀರು ಮುಟ್ಟಲ್ಲ. ಒಂದು ವಾರ ಸರಿಹೋಯ್ತು, ಆಮೇಲೆ ಕರೆಂಟ್ ಹೋಗಿ ಹೋಗಿ ಗಡಿಯಾರ ಹಿಂದೆ ಬಿದ್ದು ಸಂಜೆ 7ಕ್ಕೆ ಶುರುವಾಗಿ, ಹೆಂಡ್ತಿ ತಲೆಗೆ ಶಾಂಪೂ ಹಾಕ್ಕೊಂಡ ಹೊತ್ತಿಗೆ ರೆಸಿನ್ ದಾಟದೆ ನೇರ ಬಂದ ಗಡಸು ನೀರು, ಅವತ್ತು ಕೇಳಿದ್ದು ಇಲ್ಲಿ ಬರೆಯಕ್ಕಾಗಲ್ಲ. ಸಾಫ್ಟ್‌ನರ್ ಅಡಾಪ್ಟರ್‌ನ ಇನ್ವರ್ಟರ್ ಲೈನ್‌ಗೆ ಕೊಟ್ಟೆ.

7 ದಿನಕ್ಕೊಂದ್ಸಲ ಅಂತ ಇದ್ದಿದ್ದನ್ನ ಮೀಟರ್ ಮೋಡ್‌ಗೆ, ಅಂದ್ರೆ ಇಷ್ಟು ಲೀಟರ್ ಬಳಸಿದ್ಮೇಲೆ ಒಂದ್ಸಲ ಅನ್ನೋದಕ್ಕೆ, ತಂದೆ. 3 ಕೆಜಿ ಉಪ್ಪಿಗೆ ಲೆಕ್ಕ ಹಾಕಿದ್ರೆ 1900 ಲೀಟರ್ ಬರ್ಬೇಕು, ನಾನು 1700 ಇಟ್ಟೆ. ಎರಡೂವರೆ ದಿನಕ್ಕೊಂದು ಸಲ ಬೀಳುತ್ತೆ. ರೀಫಿಲ್‌ಗೆ (ಉಪ್ಪಿನ ಟ್ಯಾಂಕಿಗೆ ನೀರು ತುಂಬೋದು) ಮಾತ್ರ ಪುಸ್ತಕ ನಂಬ್ಬೇಡಿ, ಬಕೆಟ್ ಹಿಡೀರಿ. ನಂದು ನಿಮಿಷಕ್ಕೆ 700 ಎಂಎಲ್ ಬಂತು, 12 ನಿಮಿಷ ಹಾಕ್ದೆ, ಅವ್ರು 5 ಬಿಟ್ಟಿದ್ರು.

ಮಧ್ಯೆ ದುಡ್ಡುಳ್ಸೋಕೆ ಮೂಟೆ ಕಲ್ಲುಪ್ಪು ತಂದೆ, ತಳದಲ್ಲಿ ಕೆಸರು ಕೂತು ಇಂಜೆಕ್ಟರ್ ಕಟ್ಕೊಂಡು ಅರ್ಧ ದಿನ ಸೂಜಿ ಹಿಡ್ಕೊಂಡು ಕೂತಿದ್ದಾಯ್ತು. ಡ್ರೈನ್ ನೀರು ಯಾಕೆ ವೇಸ್ಟು ಅಂತ ಕರಿಬೇವಿನ ಗಿಡಕ್ಕೆ ಬಿಟ್ಟೆ, ಹದಿನೈದು ದಿನಕ್ಕೆ ಎಲೆ ತುದಿ ಸುಟ್ಟು ಗಿಡಾನೇ ಹೋಯ್ತು, ಅಮ್ಮ ಇನ್ನೂ ಮರ್ತಿಲ್ಲ. ಆದ್ರೆ ತೊಗರಿಬೇಳೆ ಈಗ 2 ವಿಷಲ್‌ಗೆ ಕರಗುತ್ತೆ ಅಂತ ಅವರೇ ಹೇಳ್ತಾರೆ.

ಉಪ್ಪಿಗೆ ತಿಂಗಳಿಗೆ 400-500. ಟೆಸ್ಟ್ ಕಿಟ್‌ಲಿ ಮೊದಲ ಹನಿಗೇ ನೀಲಿ, ಅಂದ್ರೆ ಗಡಸು ಇಲ್ಲ, 5 ತಿಂಗಳಾಯ್ತು, ಅದೇ ರೆಸಿನ್. ಮೊನ್ನೆ ಭಾವ ಅವ್ನ ಫ್ರೆಂಡ್ ಮನೆ ಸಾಫ್ಟ್‌ನರ್ ನೋಡು ಬಾ ಅಂತ ಕರ್ಕೊಂಡ್ ಹೋದ. ಅಲ್ಲೂ ಟೈಮ್ ರಾತ್ರಿ 2:00, ಪಂಪ್ ಸ್ವಿಚ್ ಅವ್ರಪ್ಪನ ಮಂಚದ ಪಕ್ಕ.