ಅಂಗಡಿಯವ್ರು ನಿಮ್ಮ ಹಳೇ ಫೋಟೋ ಕಳೆದುಹಾಕಿದ್ರೆ ಪರಿಹಾರ ಕೇಳೋದು ಹೇಗೆ

ಸ್ಕ್ಯಾನ್ ಮಾಡಿಸೋಕೆ ಕೊಟ್ಟ ಆಲ್ಬಂ ವಾಪಸ್ ಬರ್ಲಿಲ್ಲ, ಮದುವೆ ಫೋಟೋ ತೆಗೆದವ್ರು ಕಾರ್ಡೇ ಹೋಯ್ತು ಅಂದ್ರು, ರಿಪೇರಿಗೆ ಕೊಟ್ಟ ಫೋನ್ ಖಾಲಿಯಾಗಿ ಬಂತು. ಇಂಥದ್ದಾದಾಗ ಕೈಕಾಲೇ ಆಡಲ್ಲ. ನಂಗೂ ಆಗಿದೆ. ನಮ್ಮಜ್ಜಿ ಹುಡುಗಿಯಾಗಿದ್ದಾಗಿನ ಒಂದೇ ಒಂದು ಫೋಟೋ, ಹಿಂದುಗಡೆ ಪೆನ್ಸಿಲ್ಲಲ್ಲಿ ಅವರೇ ಬರೆದ ಹೆಸರು, ಬಲಗಡೆ ಮೂಲೆ ಮಡಚಿ ಬಿಳೀ ಗೆರೆ ಬಿದ್ದಿತ್ತು. ಜೊತೆಗೆ ಒಂದು ಕವರ್ ತುಂಬ ನೆಗೆಟಿವ್.

ಮೊದಲ ದಿನ ದುಡ್ಡಿನ ಮಾತೇ ಎತ್ತಬೇಡಿ, ಹುಡುಕ್ಸಿ. ಫೋಟೋ ಎಷ್ಟೋ ಸಲ ಕಳೆದುಹೋಗಿರಲ್ಲ, ಬೇರೆ ಯಾರದೋ ಪ್ಯಾಕೆಟ್ ಒಳಗೆ ಸೇರ್ಕೊಂಡಿರತ್ತೆ. "ಹಳೇ ಫೋಟೋಗಳು" ಅಂತ ಹೇಳಿದ್ರೆ ಯಾರೂ ಹುಡುಕಕ್ಕಾಗಲ್ಲ, ಎಷ್ಟಿದ್ವು, ಯಾವ ಸೈಜು, ಡಬ್ಬಿ ಯಾವ ಬಣ್ಣ, ಯಾರು ಯಾರ ಪಕ್ಕ ನಿಂತಿದಾರೆ, ಹಿಂದೆ ಏನು ಬರ್ದಿದೆ ಅಂತ ಬರೆದು ಕೊಡಿ. ಅವತ್ತು ಆರ್ಡರ್ ತಗೊಂಡು ಹೋದ ಎಲ್ಲರಿಗೂ ಫೋನ್ ಮಾಡಿ ಕೇಳಿ ಅಂತ ಒತ್ತಾಯ ಮಾಡಿ. ಸಿಸಿಟಿವಿ ಇದ್ರೆ ಅದು ಅಳಿಸಿ ಹೋಗೋ ಮುಂಚೆ ಇಟ್ಕೊಳ್ಳಿ ಅಂತ ಅದೇ ದಿನ ಬರವಣಿಗೆಯಲ್ಲಿ ಕೇಳಿ. ಅಜ್ಜಿ ಫೋಟೋ ಸಿಕ್ಕಿದ್ದು ಹಾಗೇ, ಆ ಮಡಚಿದ ಮೂಲೆ ಗುರುತು ಹಿಡಿದು ಇನ್ನೊಬ್ರು ವಾಪಸ್ ತಂದುಕೊಟ್ರು. ನೆಗೆಟಿವ್ ಮಾತ್ರ ಸಿಗಲೇ ಇಲ್ಲ.

ಮೆಮೊರಿ ಕಾರ್ಡ್ ಆದ್ರೆ ಅದರಲ್ಲಿ ಇನ್ನೊಂದು ಫೋಟೋನೂ ತೆಗೀಬಾರ್ದು ಅಂತ ಹೇಳ್ಬಿಡಿ. ಡಿಲೀಟ್ ಆದ ಫೈಲು ಅದರ ಮೇಲೆ ಬೇರೇದು ಬರೆಯೋ ತನಕ ಬಹಳ ಸಲ ಅಲ್ಲೇ ಇರತ್ತೆ, ರಿಕವರಿ ಮಾಡೋರ ಹತ್ರ ಕೊಡಿಸಿ, ಖರ್ಚು ಫೋಟೋ ಕಳೆದವ್ರದ್ದೇ ಅಂತ ಕೇಳಿ. ಈಗಿನ ಫೋನು ಪೂರ್ತಿ ರೀಸೆಟ್ ಆಗಿದ್ರೆ ಆ ಆಸೆ ಕಮ್ಮಿ, ಕ್ಲೌಡಲ್ಲಿ, ಅಂದ್ರೆ ಆನ್‌ಲೈನಲ್ಲಿ, ಕಾಪಿ ಉಳಿದಿದ್ಯಾ ನೋಡ್ಕೊಳ್ಳಿ.

ಸಿಗಲ್ಲ ಅಂತ ಖಾತ್ರಿಯಾದ್ಮೇಲೆ ರಸೀದಿ ತೋರಿಸ್ತಾರೆ, "ಕಳೆದರೆ ಹೊಸ ಫಿಲ್ಮ್ ರೋಲ್ ಮಾತ್ರ ಕೊಡಲಾಗುವುದು" ಅನ್ನೋ ಥರ ಸಣ್ಣಕ್ಷರದಲ್ಲಿ ಬರ್ದಿರತ್ತೆ. ಅದನ್ನ ಓದಿ ಸುಮ್ನಾಗಬೇಡಿ ದಯವಿಟ್ಟು. ಇಂಗ್ಲೆಂಡಿನಲ್ಲಿ 1981ರಲ್ಲಿ ಒಬ್ರು ಸ್ನೇಹಿತರ ಮದುವೆ ಫೋಟೋ ಕಳೆದಿದ್ದಕ್ಕೆ ಕೋರ್ಟಿಗೆ ಹೋದ್ರು, ಇಂಥದ್ದೇ ಷರತ್ತು ಇತ್ತು, 1977ರ ಅನ್ಯಾಯದ ಷರತ್ತುಗಳ ಕಾಯ್ದೆ ಪ್ರಕಾರ ಅದು ನಡೆಯಲ್ಲ ಅಂತ ಕೋರ್ಟ್ ಹೇಳಿ 75 ಪೌಂಡ್ ಕೊಡಿಸ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಮಹಿಳೆ ಮನೆಯಲ್ಲಿ ತೆಗೆದಿದ್ದ 32 ರೀಲು ಫಿಲ್ಮ್ ಒಟ್ಟಿಗೆ ಜೋಡಿಸೋಕೆ ಕೊಟ್ಟು ಎಲ್ಲಾ ಕಳ್ಕೊಂಡ್ರು, ಕೊಡೋವಾಗ್ಲೇ ಕಳೀಬೇಡಿ, ಇದೇ ನನ್ನ ಜೀವನ ಅಂತ ಹೇಳಿದ್ರಂತೆ, 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7,500 ಡಾಲರ್ ಪರಿಹಾರ ಎತ್ತಿಹಿಡೀತು. ಮಾರ್ಕೆಟ್ಟಲ್ಲಿ ಬೆಲೆ ಇಲ್ಲ ಅಂದ್ರೂ ಇಟ್ಟುಕೊಂಡವರಿಗೆ ಅದರ ಬೆಲೆ ಇದೆ, ಖಾಲಿ ಫಿಲ್ಮಿನ ಬೆಲೆ ಕೊಟ್ಟು ಕೈತೊಳೆಯೋ ಹಾಗಿಲ್ಲ ಅನ್ನೋದು ಅದರ ಸಾರ. ಆದ್ರೆ ಬರೀ ಭಾವನೆಗೆ ಬೆಲೆ ಕಟ್ಟಲ್ಲ ಅಂತನೂ ಅದೇ ಕೋರ್ಟ್ ಹೇಳಿದೆ, ಇದು ಗಮನದಲ್ಲಿರ್ಲಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ ಬೇರೆ, ಆದ್ರೂ ವಾದ ಮಾಡೋ ದಾರಿ ಇದೇ.

ಅದಕ್ಕೇ ನೆನಪಿನ ಬೆಲೆ ಅಂತ ಒಂದು ದೊಡ್ಡ ಮೊತ್ತ ಬರೀಬೇಡಿ, ಲೆಕ್ಕ ಬಿಡಿಸಿ ಇಡಿ. ಕೊಟ್ಟ ದುಡ್ಡು ವಾಪಸ್, ಮೊದಲು ಆ ಫೋಟೋ ತೆಗೆಸಿ ಪ್ರಿಂಟ್ ಹಾಕ್ಸಿದ್ದ ಖರ್ಚು, ನೆಂಟರ ಹತ್ರ ಇರೋ ಕಾಪಿ ಹುಡುಕಿ ತಂದು ಸ್ಕ್ಯಾನ್ ಮಾಡಿಸಿ ರಿಪೇರಿ ಮಾಡ್ಸೋ ಖರ್ಚು, ಓಡಾಟ, ಇದಕ್ಕೆಲ್ಲ ಬಿಲ್ಲು ಇಲ್ಲಾ ಕೊಟೇಶನ್ ಲಗತ್ತಿಸಿ. ಮನಸ್ಸಿಗಾದ ನೋವು ಬೇರೆ ಸಾಲಲ್ಲಿ ಬರೀರಿ. ಸ್ಕಾಟ್ಲೆಂಡಿನಲ್ಲಿ 1971ರಷ್ಟು ಹಿಂದೆನೇ ಮದುವೆಗೆ ಫೋಟೋಗ್ರಾಫರ್ ಬರದೇ ಹೋಗಿದ್ದಕ್ಕೆ ಆ ನೋವಿಗೇ 30 ಪೌಂಡ್ ಕೊಡಿಸಿದಾರೆ, ಹಾಗಾಗಿ ಕೇಳೋಕೆ ಸಂಕೋಚ ಬೇಡ. ಕೊಡೋವಾಗ "ಇದು ಒಂದೇ ಕಾಪಿ" ಅಂತ ಹೇಳಿದ್ದ ಮೆಸೇಜ್ ಇದ್ರೆ ಅದೇ ನಿಮ್ಮ ಗಟ್ಟಿ ಸಾಕ್ಷಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಪತ್ರ ಒಂದು ಪುಟ ಸಾಕು. ಯಾವತ್ತು ಕೊಟ್ರಿ, ಏನು ಕೊಟ್ರಿ, ಯಾವತ್ತು ಕಳೆದಿದೆ ಅಂದ್ರು, ಎಷ್ಟು ಕೇಳ್ತಿದೀರಿ, 14 ದಿನದಲ್ಲಿ ಉತ್ತರ ಕೊಡಿ. ಬೈಗುಳ ಬೇಡ, ಆ ಪತ್ರನ ನಾಳೆ ಜಡ್ಜ್ ಓದಬಹುದು. ಕಾರ್ಡಲ್ಲಿ ದುಡ್ಡು ಕಟ್ಟಿದ್ರೆ ಬ್ಯಾಂಕಿಗೆ ಹೇಳಿ ಕೊಟ್ಟಷ್ಟನ್ನ ವಾಪಸ್ ತರ್ಸೋಕೆ ಆಗತ್ತಾ ನೋಡಿ. ಕೊರಿಯರಲ್ಲಿ ಹೋಗಿದ್ರೆ ಕಂಪ್ಲೇಂಟ್ ಕೊಡೋ ಗಡುವು ತುಂಬಾ ಚಿಕ್ಕದಿರಬಹುದು, ಅದನ್ನೇ ಮೊದಲು ಓದಿ. ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕ ನ್ಯಾಯಾಲಯ ಅಥವಾ ಸಣ್ಣ ಮೊತ್ತದ ಕೇಸು ನೋಡೋ ಕೋರ್ಟು, ವಕೀಲರಿಲ್ದೇನೂ ಬಹಳ ಕಡೆ ಹಾಕಬಹುದು.

ಈ ಮಧ್ಯೆ ಫ್ರೀ ಕೂಪನ್ ಕೊಟ್ಟು ಸಹಿ ಕೇಳ್ತಾರೆ. "ಇನ್ನು ಯಾವ ಬಾಕಿಯೂ ಇಲ್ಲ" ಅಂತ ಅದರಲ್ಲಿದ್ರೆ ಸಹಿ ಹಾಕ್ಬೇಡಿ, ಅಲ್ಲಿಗೆ ಕಥೆ ಮುಗೀತು. ಕೊನೆಗೆ ಒಪ್ಪಂದ ಆದ್ರೆ ಒಂದು ಸಾಲು ಸೇರಿಸ್ಕೊಳ್ಳಿ, ನಾನೂ ಸೇರಿಸಿದ್ದೆ: ಕಳೆದಿದ್ದು ಮುಂದೆ ಯಾವತ್ತಾದ್ರೂ ಸಿಕ್ರೆ ನಮಗೇ ವಾಪಸ್ ಕೊಡ್ಬೇಕು, ಆಗ ಪರಿಹಾರದ ದುಡ್ಡು ಹಿಂದಕ್ಕೆ ಕೇಳೋ ಹಾಗಿಲ್ಲ.